ಸಿಂಗಾಪುರಕ್ಕೆ ಹೋದ ಕಾರ್ಡು

ಹೆಬ್ಬಾಳ
೧೮-೪-೧೯೬೨

ನನ್ನ ಗೆಳತಿ ನಜ್ಜುಗೆ,

ಮುನ್ನೂರ ಹನ್ನೆರಡು ಕಾರ್ಡು, ಎರಡು ಬಾಟಲಿ ಮಸಿ, ಊದಿಕೊಂಡ ಒಂದು ನಡುಬೆರಳು, ಗಂಡನ ಜೊತೆ ಮಾತು ನಿಂತ ಒಂಬತ್ತು ದಿನ. ನಮ್ಮ ಯಜಮಾನರು ಅಸೆಂಬ್ಲಿಗೆ ಗೆದ್ದದ್ದಕ್ಕೆ ನಾನು ಜನರಿಗೆ ಉಪಕಾರ ಹೇಳಿದ ಖರ್ಚು ಇಷ್ಟು. ನಿನ್ನ ಎರಡು ಕಾಗದಕ್ಕೆ ಉತ್ತರ ಬರೆಯದೇ ಉಳಿದದ್ದನ್ನೂ ಇದಕ್ಕೇ ಸೇರಿಸಿಕೋ. ಬೈಯುವುದಿದ್ದರೆ ಬೈ, ಆದರೆ ಪೂರ್ತಿ ಓದಿದ ಮೇಲೆ. ಚನ್ನಪಟ್ಟಣದಲ್ಲಿ ನಿನ್ನ ಶಾಲೆ ಹೇಗಿದೆ? ಮಂಡಿನೋವು ಇಳಿಯಿತೇ?

ಗೆದ್ದ ವಾರಕ್ಕೇ ಪಕ್ಷದ ಕಾರ್ಯದರ್ಶಿ ಅಚ್ಚಿನ ಕಾರ್ಡು ತಂದ. ‘ಮಾನ್ಯ ಮತದಾರ ಬಾಂಧವರೇ’ ಎಂದು ಶುರು. “ಬಾಂಧವರು ಅಂದ್ಮೇಲೆ ಹೆಸರು ಗೊತ್ತಿರ್ಬೇಡ್ವೇನಪ್ಪಾ?” ಎಂದೆ. ಮದುವೆಗೆ ಮುಯ್ಯಿ ಹಾಕಿದವರ ಹೆಸರು ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಹೋಗಿ ತೀರಿಸುವ ಜನ ನಾವು. ರಾಗಿ ಬೀಸಿದವಳು ಯಾರು, ಗಾಡಿ ಕಟ್ಟಿದವನು ಯಾರು ಎಂದು ಅಚ್ಚಿನ ಮೊಳೆಗೆ ಏನು ಗೊತ್ತು? ಒಬ್ಬೊಬ್ಬರಿಗೂ ಅವರು ಮಾಡಿದ್ದನ್ನೇ ಹೆಸರಿಸಿ ನಾನೇ ಬರೆದೆ. ಹಳ್ಳಿಗಳಲ್ಲಿ ಪೋಸ್ಟ್‌ಮ್ಯಾನ್ ಮೊಯಿನುದ್ದೀನ್ ಅರಳಿಕಟ್ಟೆಯಲ್ಲಿ ನಿಂತು ಗಟ್ಟಿಯಾಗಿ ಓದುತ್ತಾನೆಂಬುದು ನನಗೆ ಗೊತ್ತು. ಉಪಕಾರ ಹೇಳಿದ್ದು ಹತ್ತು ಜನರ ಕಿವಿಗೆ ಬೀಳಲಿ ಎಂತಲೇ ಕಾರ್ಡು.

ಅಲ್ಲೇ ನಾನು ಎಡವಿದ್ದು.

ಇಲ್ಲೇ ನಮ್ಮ ಪಕ್ಕದ ಹಳ್ಳಿ ಸಿಂಗಾಪುರದ ಮುನಿನಾರಾಯಣಮ್ಮ ಎಂಬಾಕೆ ಗಂಡ ಸತ್ತವಳು, ಮುನಿಗಂಗಪ್ಪನ ಸೊಪ್ಪಿನ ತೋಟವನ್ನು ಪಾಲಿಗೆ ಮಾಡುತ್ತಿದ್ದಳು. ಮುನಿಗಂಗಪ್ಪ ಎದುರು ಪಕ್ಷದವನು. ಓಟು ಕೇಳಲು ಹೋದ ನನಗೂ ನಮ್ಮ ಹೆಂಗಸರಿಗೂ ಊರಲ್ಲಿ ನೀರೂ ಹುಟ್ಟದಿದ್ದಾಗ, ಅವಳು ಹಿತ್ತಲಿಗೆ ಕರೆದು ಮುದ್ದೆ ಇಕ್ಕಿದ್ದಳು. ‘ನಿಮ್ಮ ಹಿತ್ತಲ ಊಟ ಮರೆಯುವುದಿಲ್ಲ’ ಎಂದು ಬರೆದೆ. ಮೊಯಿನುದ್ದೀನ್ ಓದಿದ. ಮುನಿಗಂಗಪ್ಪ ಕಟ್ಟೆಯ ಮೇಲೇ ಕೂತಿದ್ದನಂತೆ. ಸಂಜೆಯೊಳಗೆ ತೋಟದ ಬಾವಿಗೆ ಅವನ ಬೇಲಿ ಬಿತ್ತು. ಅವಳ ಸೊಪ್ಪು ಬಿಸಿಲಿಗೆ ಬಾಡತೊಡಗಿತು.

ಇದಾದ ನಾಲ್ಕು ದಿನಕ್ಕೆ ಅದೇ ಮುನಿಗಂಗಪ್ಪ ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ! ನಮ್ಮ ಪಕ್ಷಕ್ಕೆ ಬರುತ್ತಾನಂತೆ, ತಾಲ್ಲೂಕು ಬೋರ್ಡಿನಲ್ಲಿ ಅವನ ಕಡೆಯ ಆರು ಓಟುಗಳೂ ಬರುತ್ತವಂತೆ. ತನ್ನ ಪಾಲಿನವಳೇ ತನಗೆ ತಿರುಗಿಬಿದ್ದಳು ಎಂಬ ಮಾತು ಮಾತ್ರ ಊರಲ್ಲಿ ಉಳಿಯಬಾರದಂತೆ. ಕಾರ್ಡು ಸುಳ್ಳೆಂದರೆ ಬಾವಿ ಬಿಡುತ್ತಾನೆ.

“ಇನ್ನೊಂದು ಕಾರ್ಡ್ ಬರ್ದಾಕು. ಹೆಸರು ತಪ್ಪೋಯ್ತು, ನೀವು ಊಟ ಹಾಕ್ಲೇ ಇಲ್ಲ ಅಂತ. ಏನ್ ಹೋಗುತ್ತೆ ನಿಂದು?” ಎಂದರು ನಮ್ಮವರು.

“ಉಂಡಿರೋ ಮುದ್ದೆ ಕಕ್ಕಿ ಕೊಡ್ಲಾ?”

“ನಿನ್ ಬಾಯಿಗೊಂದು ಬೀಗ ಇಲ್ಲ.”

“ಆ ಬಾಯಲ್ಲಿ ಕೇಳಿದ್ದಕ್ಕೇ ಓಟು ಬಿದ್ದಿದ್ದು ಕಣ್ರೀ.”

ಆದರೂ ಬಾಡುತ್ತಿರುವುದು ನನ್ನ ಸೊಪ್ಪಲ್ಲವಲ್ಲ, ಅವಳನ್ನು ಕೇಳದೆ ಜಂಭ ಕೊಚ್ಚಬಾರದು ಎಂದು ಸಿಂಗಾಪುರಕ್ಕೆ ಹೋದೆ. ಮುನಿನಾರಾಯಣಮ್ಮ ಮಡಿಕೆಯಲ್ಲಿ ನೀರು ಹೊತ್ತು ಹೊಯ್ಯುತ್ತಿದ್ದಳು.

“ಬರೀಬ್ಯಾಡ ಕಣಕ್ಕ. ಇಕ್ಕಿದ್ದು ಇಕ್ಕಿದ್ದೇ. ಇಂಗೆ ಇಲ್ಲ ಅಂದ್ಬಿಟ್ರೆ, ನಾಳೆ ನನ್ಮನೇಲಿ ಯಾರ್ ಉಣ್ತಾರೆ? ಆದ್ರೆ ನೀನು ಏಳ್ದೆ ಕೇಳ್ದೆ ಬರ್ದೆ ನೋಡು, ಅದು ತಪ್ಪು.”

ತಪ್ಪು, ಒಪ್ಪಿಕೊಂಡೆ. ಹಾಲು ಮಾರಿ ನಾನೇ ಕೊಂಡ ಅರ್ಧ ಎಕರೆ ಹೆಬ್ಬಾಳ ಕೆರೆಯ ಕೆಳಗಿದೆಯಲ್ಲ, ಅದನ್ನು ಅವಳಿಗೆ ಬಿಟ್ಟೆ. ಪಾಲಿಲ್ಲ, ಪತ್ರ ಅವಳ ಹೆಸರಿಗೆ. ಆಮೇಲೆ ಮುನಿಗಂಗಪ್ಪನಿಗೂ ಒಂದು ಕಾರ್ಡು ಹಾಕಿದೆ: ‘ಓಟು ಕೊಡದಿದ್ದರೂ, ಊರಿಗೆಲ್ಲ ಚೆನ್ನಾಗಿ ಸೊಪ್ಪು ಬೆಳೆಯುವ ಹೆಂಗಸನ್ನು ನಮಗೆ ಬಿಟ್ಟುಕೊಟ್ಟಿರಿ. ನಿಮ್ಮ ಉಪಕಾರ ದೊಡ್ಡದು.’ ಮೊಯಿನುದ್ದೀನ್ ಅದನ್ನು ಎರಡು ಸಲ ಓದಿದನಂತೆ, ಹಿಂದೆ ಕೂತವರಿಗೆ ಕೇಳಿಸಲಿಲ್ಲ ಎಂದು.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ನಿನ್ನ ಮಂಡಿಗೆ ಬಲ ಕೊಡಲಿ, ನನ್ನ ನಾಲಿಗೆಯನ್ನು ಹೀಗೇ ಇಟ್ಟಿರಲಿ.

ನಿನ್ನ
ವೆಂಕಟಲಕ್ಷ್ಮಮ್ಮ

ತಾ.ಕ.: ಇದು ಮರೆತು ಕೊನೆಗೆ ಬರೆಯುತ್ತಿರುವುದಲ್ಲ, ಮೊದಲೇ ಬರೆಯಲು ಕೈ ಬರಲಿಲ್ಲ. ಮೊನ್ನೆ ನಮ್ಮವರು ಮುನಿಗಂಗಪ್ಪನ ಮಾನ ಉಳಿಸಲು ಸಿಂಗಾಪುರದ ಕಟ್ಟೆಗೆ ಹೋಗಿ ಊರವರ ಮುಂದೆ ಹೇಳಿದರಂತೆ: “ನಮ್ಮನೆಯವಳಿಗೆ ಅಕ್ಷರ ಬರಲ್ಲ ಕಣ್ರಪ್ಪಾ, ಹೆಬ್ಬೆಟ್ಟು. ಎರಡು ಕಾರ್ಡೂ ಯಾವನೋ ಗುಮಾಸ್ತ ಬರ್ದವ್ನೆ.” ಜನ ನಕ್ಕು ನಂಬಿದರಂತೆ. ಮೊಯಿನುದ್ದೀನ್ ಬಂದು, “ಸರ್ಕಾರಿ ಕೆಲಸ ಅಮ್ಮಾ, ಸುಮ್ನಿದ್ಬಿಟ್ಟೆ” ಎಂದು ತಲೆ ತಗ್ಗಿಸಿದ. ನೀನು ನಮ್ಮ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ಕಲಿಸಿದ ಅಕ್ಷರ, ನಜ್ಜು. ಆ ಹೊತ್ತಿಗೂ ಅವರ ಜೇಬಿನಲ್ಲಿದ್ದದ್ದು ನಾನು ಬರೆದುಕೊಟ್ಟ ಭಾಷಣ.

ಶುಕ್ರವಾರ ಅದೇ ಕಟ್ಟೆಯ ಮೇಲೆ ಮಸಿ, ಲೇಖನಿ ಇಟ್ಟುಕೊಂಡು ಕೂರುತ್ತೇನೆ, ಕಾಗದ ಬರೆಸಬೇಕಾದವರೆಲ್ಲ ಬನ್ನಿ ಎಂದು ಡಂಗುರ ಹೊಡೆಸಿದ್ದೇನೆ.

ಸದ್ಯಕ್ಕೆ ಯಾರಿಗೆ ಏನು ಸಿಕ್ಕಿತೆಂದರೆ: ಮುನಿಗಂಗಪ್ಪನಿಗೆ ಪಕ್ಷ. ನಮ್ಮವರಿಗೆ ಆರು ಓಟು. ಮುನಿನಾರಾಯಣಮ್ಮನಿಗೆ ಅರ್ಧ ಎಕರೆ, ಕೆರೆಯ ನೀರು. ನನಗೆ ಹೆಬ್ಬೆಟ್ಟಿನವಳು ಎಂಬ ಹೆಸರು, ಶುಕ್ರವಾರದವರೆಗೆ.