ಇನ್ನೂರು ಜನ ನಂಬಿದ ರಬ್ಬರ್ ಹಾಲು

ಅರಂತೋಡು
೧೧ ಜನವರಿ ೨೦೨೫

ಪ್ರೀತಿಯ ಮಗಳು ಆಫ್ರಾಳಿಗೆ ಉಪ್ಪನ ಸಲಾಂ.

ಪುಣೆಯ ಚಳಿಗೆ ನಿನ್ನ ಉಬ್ಬಸ ಹೇಗಿದೆ? ಉಮ್ಮ ಕಳಿಸಿದ ಕರಿಮೆಣಸಿನ ಪುಡಿ ಮುಗಿದಿದ್ದರೆ ತಿಳಿಸು. ನಾವಿಬ್ಬರೂ ಸೌಖ್ಯ. ಅವಳ ಮೊಣಕಾಲು ಮೆಟ್ಟಿಲು ಹತ್ತುವಾಗ ಮಾತ್ರ ನೋಯುತ್ತದೆ, ಮದುವೆಗೆ ಹೊರಟಾಗ ನೋಯುವುದಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು 'ಎಂತ ಉಪ್ಪ, ಬೇಗ ಹೇಳಿ' ಎಂದ ಕೂಡಲೇ ಹೇಳಬೇಕಾದದ್ದು ಮರೆತುಹೋಗುತ್ತದೆ. ಅದಕ್ಕೇ ಅಂಗಡಿಗೆ ಬೇಗ ಬಾಗಿಲು ಹಾಕಿ ಬರೆಯಲು ಕೂತಿದ್ದೇನೆ.

ಮೊನ್ನೆ ಗುರುವಾರ ನಮ್ಮ ರಬ್ಬರ್ ಅಂಗಡಿಗೆ ಶಮೀರ್ ಎನ್ನುವವರು ಬಂದಿದ್ದರು. ನಿನ್ನ ಕೈಕೆಳಗೆ ಸಂಶೋಧನೆ ಮಾಡಿದವರಂತೆ, ಈಗ ಮಂಗಳೂರಿನಲ್ಲಿ ಕಾಲೇಜು ಮಾಸ್ಟ್ರು. ಮಡಿಕೇರಿಗೆ ಹೋಗುವಾಗ ನಿನ್ನ ಊರಿನ ಬೋರ್ಡು ನೋಡಿ ಇಳಿದರಂತೆ. ನೀನು ಕೆಮಿಸ್ಟ್ರಿಯಲ್ಲಿದ್ದಿ ಎಂದು ನಾನು ಹೇಳಿದರೆ ಜನ ಮೆಡಿಕಲ್ ಶಾಪ್ ಎಂದುಕೊಳ್ಳುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ. ಶಮೀರ್ ಬಿಡಿಸಿ ಹೇಳಿದರು. ರಬ್ಬರ್ ಹಾಲಿನಲ್ಲಿ ಕಣ್ಣಿಗೆ ಕಾಣದ ಕಣಗಳಿವೆ, ಅವು ಒಂದನ್ನೊಂದು ದೂಡುತ್ತಿರುವಷ್ಟು ಹೊತ್ತು ಹಾಲು ಹಾಲಾಗಿರುತ್ತದೆ, ಆ ಬಲ ಸೋತಾಗ ಗಟ್ಟಿಯಾಗುತ್ತದೆ. ಆ ಬಲವನ್ನು ಅಳೆದವಳು ನೀನು. ಹನ್ನೆರಡು ವರ್ಷದ ಹಿಂದಿನ ನಿನ್ನ ಮೊದಲ ಪ್ರಬಂಧವನ್ನು ನಂಬಿ ಇನ್ನೂರು ಜನ ಮುಂದಕ್ಕೆ ಬರೆದಿದ್ದಾರಂತೆ, ಜಪಾನಿನಲ್ಲೂ. ನಾನು ಚಹಾ ತರಿಸಿದೆ.

ಆಮೇಲೆ ಅವರೇ ಹೇಳಿದ್ದು, ನೀನು ಆ ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತಿದ್ದಿ ಎಂದು. ಮೊದಲು ಬಂದ ಅಂಕಿ ಮತ್ತೆ ಯಾರಿಗೂ ಬರಲಿಲ್ಲ, ನಿನಗೂ ಬರಲಿಲ್ಲ. ಒಂದು ಸಭೆಯಲ್ಲಿ ಎದ್ದುನಿಂತು 'ಅದನ್ನು ನಂಬಬೇಡಿ, ತಪ್ಪು ನನ್ನ ಕೈಯದ್ದು' ಎಂದೆಯಂತೆ. ನಾನು ಚಹಾದ ಲೋಟ ಕೆಳಗಿಟ್ಟೆ. ಶಮೀರ್ ಮಾತ್ರ ನಗುತ್ತಿದ್ದರು. ಆ ಅಂಕಿ ಯಾಕೆ ಬರುವುದಿಲ್ಲ ಎಂದು ಹುಡುಕುತ್ತಲೇ ನೀನು ಮುಂದಿನದೆಲ್ಲ ಕಂಡುಹಿಡಿದೆಯಂತೆ. 'ಮೇಡಂ ನಮಗೆ ಕಲಿಸಿದ್ದೇ ಅದು' ಎಂದರು. ಇದು ನನ್ನ ತಲೆಗೆ ಹೋಗಲಿಲ್ಲ ಮಗಳೇ. ಅಡಿಪಾಯದ ಕಲ್ಲು ಓರೆಯಾದರೆ ಗೋಡೆ ಬೀಳಬೇಕು, ನಿನ್ನದು ನಿಂತಿದೆ. ಹಾಗಾದರೆ ನೀನು ಸೋತದ್ದೋ, ಗೆದ್ದದ್ದೋ? ಉಮ್ಮನನ್ನು ಕೇಳಿದರೆ 'ಅವಳ ಕೆಲಸ ಹೋಗ್ಲಿಕ್ಕುಂಟಾ? ಇಲ್ಲಾಂತಾದ್ರೆ ನೀವು ಊಟ ಬಿಟ್ಟದ್ದು ಯಾಕೆ?' ಎಂದಳು.

ಊಟ ಬಿಟ್ಟದ್ದಕ್ಕೆ ಕಾರಣ ಬೇರೆ. ಹೊರಡುವಾಗ ಶಮೀರ್ 'ಮೇಡಂ ಮೊದಲು ಅಳೆದ ಹಾಲಿನ ಬಾಟಲಿಗಳು ಇಲ್ಲಿಂದಲೇ ಹೋದದ್ದಲ್ವಾ? ಬರೀ ಹಾಲಾ?' ಎಂದು ಕೇಳಿದ್ದರು. ಹೌದು ಎಂದಿದ್ದೆ. ಅವರು ಹೋದ ಮೇಲೆ ಯಾಕೋ ಮನಸ್ಸು ತಡೆಯದೆ ನಮ್ಮಲ್ಲಿ ಮರ ಕೆತ್ತಿ ಹಾಲು ತೆಗೆಯುವ ಟ್ಯಾಪಿಂಗಿನ ಅದ್ರಾಮನನ್ನು ಕೇಳಿದೆ. 'ಬರೀ ಹಾಲು ಪುಣೆವರೆಗೆ ಹೋಗ್ತದಾ ಮೂಸಚ್ಚ? ದಾರಿಯಲ್ಲಿ ಗಟ್ಟಿಯಾಗದ ಹಾಗೆ ಬಿಳಿ ಪುಡಿ ಹಾಕು ಅಂತ ನೀವೇ ಅಲ್ವಾ ಹೇಳಿದ್ದು' ಎಂದ.

ಹೇಳಿದ್ದೆ. ದೂರ ಹೋಗುವ ಹಾಲಿಗೆ ಎಲ್ಲರೂ ಹಾಕುವ ಪುಡಿ ಅದು. ಆ ಬಾಟಲಿಗಳು ತಲುಪಿದಾಗ ನೀನು ಫೋನು ಮಾಡಿ 'ಹಾಲಿಗೆ ಎಂತಾದ್ರೂ ಬೆರೆಸಿದ್ದುಂಟಾ ಉಪ್ಪ?' ಎಂದು ಕೇಳಿದ್ದೂ ನೆನಪಾಯಿತು. ನಮ್ಮ ವ್ಯಾಪಾರದಲ್ಲಿ ಬೆರೆಸುವುದೆಂದರೆ ನೀರು ಬೆರೆಸುವುದು, ಕಳ್ಳತನ. ಹೆತ್ತ ಮಗಳೇ ಹೀಗೆ ಕೇಳಿದಳಲ್ಲ ಎಂಬ ಸಿಟ್ಟಿನಲ್ಲಿ 'ನಿನ್ನ ಉಪ್ಪ ಅಂಥವನಲ್ಲ' ಎಂದು ಫೋನಿಟ್ಟೆ. ನೀನು ಮತ್ತೆ ಕೇಳಲಿಲ್ಲ. ಒಂದು ಚಿಟಿಕೆ ಪುಡಿಯಿಂದ ಇಷ್ಟೆಲ್ಲ ಆದೀತೇ? ಆಗಿದ್ದರೆ, ಈಗ ಹೇಳುವುದರಿಂದ ನಿನ್ನ ಭಾರ ಇಳಿಯುತ್ತದೋ, ಹನ್ನೆರಡು ವರ್ಷದ ಹುಡುಕಾಟವೇ ನೀರಿಗೆ ಬೀಳುತ್ತದೋ? ಎರಡು ದಿನದಿಂದ ಯೋಚಿಸುತ್ತಿದ್ದೇನೆ, ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ಹೊರಗೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ಅಲ್ಲಾಹನು ನಿನ್ನ ಕಣ್ಣಿಗೂ ಕೈಗೂ ಬಲ ಕೊಡಲಿ. ಉಮ್ಮನ ದುಆ ಯಾವತ್ತೂ ನಿನ್ನ ಮೇಲಿದೆ.

ನಿನ್ನ ಉಪ್ಪ
ಮೂಸಕುಂಞಿ

ಮತ್ತೆ: ಲಕೋಟೆ ಅಂಟಿಸುವ ಮೊದಲು ಶಮೀರ್ ಮಾಸ್ಟ್ರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಪುಡಿ ಎಷ್ಟು ಹಾಕಿದ್ದೆಂದು ಕೇಳಿದರು. ಆಮೇಲೆ, 'ಹಾಗಾದ್ರೆ ಮೇಡಂನ ಅಳತೆ ಸರಿಯೇ ಇದ್ದಿರ್ಲೂಬಹುದು. ಪುಡಿ ಹಾಕಿ ಇನ್ನೊಮ್ಮೆ ಅಳೆಯದೆ ಹೇಳ್ಲಿಕ್ಕಾಗುದಿಲ್ಲ' ಎಂದರು. ಅದೇ ಪುಡಿಯ ಒಂದು ಪೊಟ್ಟಣ ಇದರ ಜೊತೆ ಇಟ್ಟಿದ್ದೇನೆ. ಅಳೆದು ನೋಡು. ತಪ್ಪು ಅದರದ್ದೇ ಎಂದಾದರೆ, ನಿನ್ನ ಪ್ರಬಂಧ ಹಾಕಿದ ಪತ್ರಿಕೆಯವರಿಗೆ ಬರೆಯುವಾಗ ಪುಡಿ ಹಾಕಿಸಿದವನ ಹೆಸರನ್ನೂ ಬರೆ. ಕುಂಞಿಗೆ ಞ ಒತ್ತು ಇಲ್ಲ, ಅದನ್ನು ಮಾತ್ರ ತಪ್ಪಬೇಡ.