ಹೊಳೆಗೆ ಬಿಟ್ಟ ಪುಸ್ತಕ

ಫೆಬ್ರುವರಿ ೧೨, ಬುಧವಾರ, ಬ್ಯಾಡಗಿ

ಆ ಪುಸ್ತಕ ಇನ್ನು ಸಿಗುವುದಿಲ್ಲ.

ತೀರಿಹೋದ ಕವಿಗಳ ನೆನಪಿಗೆ ಮನೆಯವರೇ ಅಚ್ಚು ಹಾಕಿಸಿ ಹಂಚಿದ ಮೂವತ್ತೊಂದು ಪುಸ್ತಕಗಳು ನನ್ನ ಟ್ರಂಕಿನಲ್ಲಿವೆ. ಬೇಕಾಗಿದ್ದ ಒಂದೇ ಇಲ್ಲ. ಅದು ನನಗೆ ನಾಲ್ಕನೇ ಇಯತ್ತೆಯವರೆಗೆ ಕಲಿಸಿದ, ಕವಿತೆಯನ್ನೂ ಬರೆಯುತ್ತಿದ್ದ ಪ್ರಭುಲಿಂಗಪ್ಪ ಮಾಸ್ತರರದು. ಅದರ ಮೊದಲ ಮುದ್ರಣದಲ್ಲಿ ಅವರ ಬಗ್ಗೆ ನಾನು ಬರೆದ ಒಂದು ಪುಟವಿತ್ತು. ನನ್ನ ಹೆಸರು ಅಚ್ಚಾದದ್ದು ಅಲ್ಲಿ ಮಾತ್ರ. ಅವರ ವರ್ಷಾಂತಿಕದ ಊಟಕ್ಕೆ ಬಂದವರಿಗೆಲ್ಲ ಎಲೆ ಅಡಿಕೆಯ ಜೊತೆ ಹಂಚಿದರು. ನನ್ನ ಪಂಕ್ತಿಗೆ ಬರುವಷ್ಟರಲ್ಲಿ ಕೈಯಲ್ಲಿದ್ದವು ಮುಗಿದವು. ಒಳಗಿನಿಂದ ಒಂದು ತಂದುಕೊಡಿ ಎನ್ನಲು ನಾಚಿಕೊಂಡೆ.

ಆರು ವರ್ಷದ ಮೇಲೆ ಇಂದು ಧೈರ್ಯ ಮಾಡಿ ರಾಣೆಬೆನ್ನೂರಿಗೆ ಹೋದೆ. ಮಾಸ್ತರರ ಹೆಂಡತಿ ನೀಲಗಂಗವ್ವ ಚಹಾ ಕೊಟ್ಟರು. ಆ ಪುಸ್ತಕ ಕೇಳಿದೆ.

“ಉಳಿದಿದ್ದೆಲ್ಲಾ ಕುಮಾರಪಟ್ಟಣದ ಹತ್ರ ಹೊಳಿಗೆ ಬಿಟ್ವಿ ತಂಗಿ. ಮ್ಯಾಲ ಅವರ ಫೋಟೋ ಇತ್ತು, ರದ್ದಿಗೆ ಹಾಕಾಕ ಮನಸ್ಸಾಗ್ಲಿಲ್ಲ.”

“ಒಂದೂ ಇಲ್ಲೇನ್ರಿ ಅಮ್ಮಾರ?”

“ಅವತ್ತ ಊಟಕ್ಕ ಬಂದಾಗ ಕೇಳಬೇಕಿಲ್ಲೇನವಾ? ಬಾಯಾಗ ಹೋಳಿಗಿ ಇತ್ತೇನು?” ಎಂದು ನಕ್ಕರು. ಹೋದ ವರ್ಷದ ಎರಡನೇ ಮುದ್ರಣ ತಂದುಕೊಟ್ಟರು. “ಇದನ್ನ ಒಯ್ಯಿ. ಇದರಾಗ ಬರೇ ದೊಡ್ಡ ಮಂದಿ ಬರದಾರ.”

ನನ್ನ ಪುಟ ಅದರಲ್ಲಿಲ್ಲ. ನಾನೂ ಬರೆದಿದ್ದೆ ಎಂದು ಹೇಳಲು ಅವರು ಬಾಗಿಲಿಗೆ ಬಂದು ಕಳಿಸಿಕೊಡುವವರೆಗೂ ಬಾಯಿ ಬರಲಿಲ್ಲ.

ಕರಡು ಇಟ್ಟುಕೊಂಡಿರಲಿಲ್ಲ. ನೆನಪಿನಿಂದ ಮತ್ತೆ ಬರೆಯೋಣವೆಂದು ಕುಳಿತಿದ್ದೇನೆ. “ನಾನು ಶಾಲೆ ಬಿಟ್ಟ ಮೇಲೂ ಮಾಸ್ತರರು ಹಾಜರಿಯಲ್ಲಿ ನನ್ನ ಹೆಸರು ಕೂಗುತ್ತಿದ್ದರಂತೆ.” ಇದು ಮೊದಲ ಸಾಲು. ಅದರ ಮುಂದೆ ಏನು ಬರೆದಿದ್ದೆನೋ