ಎಲ್ಲರೂ ಗೆದ್ದ ಊರಿನಿಂದ

ಧಾರವಾಡ,
ಫೆಬ್ರವರಿ ೩೦, ೨೧೪೮

ತೇಜಸ್ವಿನಿ ಅಜ್ಜಿಗೆ,

ತಾರೀಖು ನೋಡಿ ನಗಬೇಡಿ. ಯಾವ ತಿಂಗಳಿಗೂ ಕಡಿಮೆಯಾಗಬಾರದೆಂದು ನಮ್ಮವರು ದಿನಗಳನ್ನೂ ಸಮನಾಗಿ ಹಂಚಿಬಿಟ್ಟಿದ್ದಾರೆ. ನೂರು ವರ್ಷ ಹಿಂದಿನ ನಿಮಗೆ ಈ ಪತ್ರ ಬರೆಯುತ್ತಿದ್ದೇನೆ: ನಿಮಗೀಗ ಇಪ್ಪತ್ತು ವರ್ಷ, ನನಗೆ ಇಪ್ಪತ್ತಮೂರು. ಆದರೂ ನೀವು ನನ್ನ ಮುತ್ತಜ್ಜಿಯ ತಾಯಿಯಾದ್ದರಿಂದ ಅಜ್ಜಿ ಎನ್ನದೆ ವಿಧಿಯಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮಲ್ಲಿ ಇಂದು ಫಲಿತಾಂಶ ಬಂದಿದೆ. ನೀವು ಮೊದಲ ಸಲ ವೋಟು ಹಾಕಿದಿರಿ, ನಿಮ್ಮವರು ಸೋತರು. ಹಾಸ್ಟೆಲ್ಲಿನಲ್ಲಿ ದಿಂಬಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದೀರಿ. ಹೊರಗೆ ಗುಲಾಲು, ಪಟಾಕಿ, ಹಲಗೆಯ ಸದ್ದು. ಎಷ್ಟು ಪುಣ್ಯ ಮಾಡಿದ್ದೀರಿ ನೀವು!

ಹೋದ ವಾರ ನಮ್ಮಲ್ಲೂ ಚುನಾವಣೆ ಮುಗಿಯಿತು. ನಾನು ಗೆದ್ದೆ. ಎಲ್ಲರೂ ಗೆದ್ದರು. ನಮ್ಮದು ‘ಪಾಲುಸರ್ಕಾರ’: ಯಾರಿಗೆ ವೋಟು ಹಾಕಿದೆವೋ ಅವರು ನಮ್ಮನ್ನು ಮಾತ್ರ ಆಳುತ್ತಾರೆ, ಪಕ್ಕದ ಮನೆಯವರನ್ನು ಅವರು ಆರಿಸಿದವರು ಆಳುತ್ತಾರೆ. ಒಂದೇ ಓಣಿಗೆ ನಾಲ್ಕು ಸರ್ಕಾರ, ನಾಲ್ಕು ನಲ್ಲಿ, ನಾಲ್ಕು ಬಸ್ಸು. ನನ್ನ ಸರ್ಕಾರದ ಬಸ್ಸು ಅರ್ಧ ಖಾಲಿ ಓಡುತ್ತದೆ. ಹಿಂದಿನ ಬಸ್ಸಿನವರು ಬಾಗಿಲಿಗೆ ಜೋತುಬಿದ್ದರೂ ನಮ್ಮದನ್ನು ಹತ್ತುವಂತಿಲ್ಲ. ಫಲಿತಾಂಶದ ದಿನ ಮನೆಮನೆಗೂ ಅಭಿನಂದನೆಯ ಪೇಢೆ ಬರುತ್ತದೆ. ನಮ್ಮ ಮನೆಯದಕ್ಕೆ ಇರುವೆ ಮುತ್ತಿತು, ಯಾರೂ ಡಬ್ಬಿ ಬಿಚ್ಚಿರಲಿಲ್ಲ.

ನನ್ನ ಗೆಳೆಯ ಇಂದುಧರ ಈ ಸಲ ಬೇರೆ ಸರ್ಕಾರ ಆರಿಸಿಕೊಂಡ. ಇನ್ನು ಐದು ವರ್ಷ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಕೂರುವಂತಿಲ್ಲ. ಹೇಳದೆ ಕೇಳದೆ ಹೀಗೇಕೆ ಮಾಡಿದೆ ಎಂದು ರೇಗಿದರೆ, “ಅದಕ್ಯಾಕ ಸಿಟ್ಟು? ನೀನೂ ಗೆದ್ದಿ, ನಾನೂ ಗೆದ್ದೀನಿ” ಎಂದು ನಕ್ಕ. ನನ್ನನ್ನು ಒಪ್ಪಿಸಬೇಕೆಂದು ಅವನಿಗೆ ಅನಿಸಲೇ ಇಲ್ಲ. ಯಾಕೆ ಅನಿಸಬೇಕು? ಅವನ ಗೆಲುವಿಗೆ ನನ್ನ ವೋಟು ಬೇಕಿರಲಿಲ್ಲ. ನನಗೆ ಅಳಬೇಕೆನಿಸಿತು, ಆದರೆ ಗೆದ್ದವಳು ಯಾವ ನೆಪ ಹೇಳಿ ಅಳಲಿ?

ಈ ವ್ಯವಸ್ಥೆ ತಂದವರು ನೀವೇ. ಇಂದು ಕಣ್ಣು ಒರೆಸಿಕೊಂಡು, “ನಾ ಆರಿಸದವರು ನನ್ನನ್ನ ಯಾಕ ಆಳಬೇಕು?” ಎಂದು ಕೇಳಿಕೊಳ್ಳುತ್ತೀರಿ. ಆ ಪ್ರಶ್ನೆ ಹಿಡಿದು ಜೀವಮಾನವಿಡೀ ಹೋರಾಡಿ ಗೆಲ್ಲುತ್ತೀರಿ. ಊರ ನಡುವೆ ನಿಮ್ಮ ಪುತ್ಥಳಿಯಿದೆ, ಮೂಗು ಅಷ್ಟು ಸರಿಯಾಗಿ ಬಂದಿಲ್ಲವಂತೆ.

ಆದರೆ ಅದಕ್ಕೂ ಮೊದಲು ನಾಗವೇಣಿ ಬರುತ್ತಾಳೆ. ಪಕ್ಕದ ರೂಮಿನ ನಿಮ್ಮ ಜೀವದ ಗೆಳತಿ, ಗೆದ್ದ ಪಕ್ಷದವಳು, ಕೆನ್ನೆ ತುಂಬ ಗುಲಾಲು. ಒಂದು ಕೈಯಲ್ಲಿ ಊಟದ ತಟ್ಟೆ ಹಿಡಿದು ಬಾಗಿಲು ಬಡಿಯುತ್ತಾಳೆ. “ಏ ತೇಜೂ, ಸೋತೀವಿ ಅಂತ ಊಟಾನೂ ಬಿಡ್ತಾರೇನ? ಬಾಗಲಾ ತಗಿ. ಬೈಯೋದಿದ್ರ ಮುಖಾ ನೋಡಿ ಬೈ!” ನೀವು ತೆಗೆಯಲಿಲ್ಲ, ಮತ್ತೆಂದೂ ಅವಳನ್ನು ಮಾತಾಡಿಸಲಿಲ್ಲ ಎಂಬುದು ನಮ್ಮ ಮನೆಯ ಹೆಮ್ಮೆಯ ಕಥೆ. ಆದರೂ ಮುದುಕಿಯಾದ ಮೇಲೆ ಆ ಮಾತನ್ನು ಅವಳ ದನಿಯಲ್ಲೇ ಆಡಿ ತೋರಿಸುತ್ತಿದ್ದಿರಂತೆ.

ಅಜ್ಜಿ, ನನ್ನ ಬಾಗಿಲನ್ನು ಯಾರೂ ಹಾಗೆ ಬಡಿದಿಲ್ಲ. ನಿಮ್ಮ ಸೋಲು, ನಿಮ್ಮ ಊದಿದ ಕಣ್ಣು, ಆ ಜಗಳಗಂಟಿ ಗೆಳತಿ, ಎಲ್ಲವನ್ನೂ ನೆನೆದರೆ ನನ್ನ ಹೊಟ್ಟೆ ಉರಿಯುತ್ತದೆ. ಎದ್ದು ಬಾಗಿಲು ತೆಗೆಯಿರಿ. ಬಾಯಿಗೆ ಬಂದಂತೆ ಬೈಯಿರಿ, ಊಟ ಮಾಡಿ, ಮುಂದಿನ ಸಲ ಅವಳ ವೋಟು ಕಿತ್ತುಕೊಳ್ಳಲು ಇವತ್ತಿನಿಂದಲೇ ಅವಳ ತಲೆ ತಿನ್ನಿ. ಹಾಗೆ ಮಾಡಿದರೆ ನಾನು ಹುಟ್ಟದೆಯೂ ಹೋಗಬಹುದು. ಹುಟ್ಟಿದರೆ, ಒಮ್ಮೆ ಸೋತು ಮನಸಾರೆ ಅಳುತ್ತೇನೆ.

ನಿಮ್ಮ ಮಗಳ ಮರಿಮಗಳು,
ಹೇಮಲತೆ